ಬೆಂಗಳೂರಿನ ತಾರಸಿಯಲ್ಲಿ ಫೈಕಸ್, ಬಸರಿ, ಹುಣಸೆ ಬೋನ್ಸಾಯ್: ಕುಂಡ ಬದಲಿಸಲು, ತಂತಿ ಸುತ್ತಲು, ಎಲೆ ತೆಗೆಯಲು ಯಾವ ತಿಂಗಳು ಸರಿ?

ಪ್ರಶ್ನೆ
ತಾರಸಿತೋಟ, ಬೆಂಗಳೂರು

ಎಲ್ಲರಿಗೂ ನಮಸ್ಕಾರ. ಬೋನ್ಸಾಯ್ ಕುರಿತ ಪುಸ್ತಕಗಳಲ್ಲಿಯೂ ವಿಡಿಯೊಗಳಲ್ಲಿಯೂ ಪ್ರತಿಯೊಂದು ಕೆಲಸಕ್ಕೂ ಒಂದು ಋತುವನ್ನು ಗೊತ್ತುಮಾಡಿರುತ್ತಾರೆ. ವಸಂತದ ಆರಂಭದಲ್ಲಿ, ಮೊಗ್ಗು ಒಡೆಯುವ ಮೊದಲು, ಕುಂಡ ಬದಲಿಸಬೇಕು. ಬೇಸಿಗೆ ಶುರುವಾದ ಮೇಲೆ ಎಲೆ ತೆಗೆಯಬೇಕು. ಎಲೆಯೆಲ್ಲ ಉದುರಿ ಕೊಂಬೆಗಳು ಬರಿದಾಗಿ ಕಾಣುವಾಗ ತಂತಿ ಸುತ್ತಬೇಕು. ಚಳಿಗಾಲದಲ್ಲಿ ಗಿಡವನ್ನು ನಿದ್ರೆಗೆ ಬಿಡಬೇಕು. ಆದರೆ ನನ್ನ ತಾರಸಿಯಲ್ಲಿರುವ, ಆಲದ ಜಾತಿಯ ಫೈಕಸ್ ಮೈಕ್ರೊಕಾರ್ಪ ವರ್ಷದ ಯಾವ ತಿಂಗಳಿನಲ್ಲಿಯೂ ನಿದ್ರೆ ಹೋದಂತೆ ಕಾಣುವುದಿಲ್ಲ. ಅದರ ಪಕ್ಕದಲ್ಲಿರುವ ಬಸರಿ ಮಾತ್ರ ಈಗ, ಫೆಬ್ರುವರಿಯಲ್ಲಿ, ಇದ್ದ ಎಲೆಗಳನ್ನೆಲ್ಲ ಉದುರಿಸಿ ನಿಂತಿದೆ. ಬೀಜದಿಂದ ಬೆಳೆದ ಹುಣಸೆಯೊಂದಿದೆ; ಅದು ಅರ್ಧ ಎಲೆ ಉದುರಿಸಿ ಅರ್ಧ ಉಳಿಸಿಕೊಂಡಿದೆ. ಒಂದೇ ಬಿಸಿಲಿನಲ್ಲಿ ಇರುವ ಮೂರು ಗಿಡಗಳು ಮೂರು ಬಗೆಯಲ್ಲಿ ನಡೆದುಕೊಳ್ಳುತ್ತಿರುವಾಗ ಪುಸ್ತಕದ ತಿಂಗಳುಗಳನ್ನು ಹೇಗೆ ಅನುಸರಿಸಲಿ?

ನನಗೆ ಮುಖ್ಯವಾಗಿ ತಿಳಿಯಬೇಕಾಗಿರುವುದು ಇಷ್ಟು. ಫೈಕಸ್‌ಗೆ ಕುಂಡ ಬದಲಿಸಿ ಬೇರು ಕತ್ತರಿಸಲು ಈಗಿನ ಕಾಲ ಸರಿಯೋ, ಅಥವಾ ಮಳೆಗಾಲದವರೆಗೆ ಕಾಯಬೇಕೋ? ಎಲೆಗಳು ದೊಡ್ಡದಾಗಿವೆ, ಅವನ್ನು ಚಿಕ್ಕದಾಗಿಸಲು ಪೂರ್ತಿ ಎಲೆ ತೆಗೆಯುವುದು ನಮ್ಮ ಹವೆಗೆ ಹೊಂದುವುದೇ? ತಂತಿ ಸುತ್ತಿದರೆ ಎಷ್ಟು ದಿನ ಬಿಡಬಹುದು? ಮಳೆಗಾಲದಲ್ಲಿ ಗಿಡಗಳನ್ನು ಮಳೆಗೇ ಬಿಡಬೇಕೇ? ಕೊನೆಯದಾಗಿ, ಆ ಫೈಕಸ್‌ನ ಕಾಂಡವನ್ನು ನರ್ಸರಿಯವರು ಎಸ್ ಆಕಾರಕ್ಕೆ ಬಗ್ಗಿಸಿದ್ದಾರೆ. ನನಗೆ ಅದನ್ನು ಹರಡಿ ನಿಂತ ಆಲದ ಮರದಂತೆ ರೂಪಿಸಬೇಕೆಂಬ ಆಸೆಯಿದೆ. ಅದು ಸಾಧ್ಯವೇ ಎಂಬುದನ್ನು ಅನುಭವಿಗಳು ದಯವಿಟ್ಟು ತಿಳಿಸಬೇಕು.

ಉತ್ತರ
ಬೇರುಬಿಳಲು, ಮೈಸೂರು

ತಾರಸಿತೋಟ ಅವರೇ, ನಿಮ್ಮ ಮೂರು ಗಿಡಗಳು ತಮ್ಮ ತಮ್ಮ ಪಂಚಾಂಗವನ್ನು ನಿಮಗೆ ಈಗಾಗಲೇ ತೋರಿಸಿವೆ. ಪುಸ್ತಕದ ತಿಂಗಳುಗಳು ಎಲ್ಲಿಂದ ಬಂದವು ಎಂಬುದನ್ನು ಮೊದಲು ನೋಡಿದರೆ ಗೊಂದಲ ಬಹಳಮಟ್ಟಿಗೆ ಕಳೆಯುತ್ತದೆ. ನಾವು ಓದುವ ಬೋನ್ಸಾಯ್ ಜ್ಞಾನದ ದೊಡ್ಡ ಪಾಲು ಜಪಾನಿನದು. 1923ರ ಕಾಂಟೊ ಭೂಕಂಪದ ನಂತರ ಟೋಕಿಯೊದ ಬೆಳೆಗಾರರು ಹೊಸ ನೆಲ ಹುಡುಕಿಕೊಂಡು ಹೋಗಿ 1925ರಲ್ಲಿ ಕಟ್ಟಿಕೊಂಡ ಓಮಿಯಾದ ಬೋನ್ಸಾಯ್ ಗ್ರಾಮ ಇಂದಿಗೂ ಆ ಕಲೆಯ ದೊಡ್ಡ ಕೇಂದ್ರಗಳಲ್ಲೊಂದು. ಆ ಊರು ಸುಮಾರು 36 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ. ಅಲ್ಲಿ ಜೂನ್ ತಿಂಗಳ ಹಗಲು 14 ಗಂಟೆಗೂ ಹೆಚ್ಚು, ಡಿಸೆಂಬರಿನ ಹಗಲು 10 ಗಂಟೆಗೂ ಕಡಿಮೆ. 13 ಡಿಗ್ರಿಯಲ್ಲಿರುವ ಬೆಂಗಳೂರಿನಲ್ಲಿ ವರ್ಷದ ಅತಿ ಉದ್ದದ ಹಗಲಿಗೂ ಅತಿ ಚಿಕ್ಕ ಹಗಲಿಗೂ ಇರುವ ಅಂತರ ಸುಮಾರು ಒಂದೂವರೆ ಗಂಟೆ ಮಾತ್ರ. ಅಲ್ಲಿಯ ಮೇಪಲ್ ಮರವನ್ನು ಮಲಗಿಸುವುದು ಚಳಿ ಮತ್ತು ಕುಗ್ಗುವ ಹಗಲು. ನಮ್ಮ ಬಸರಿಯ ಎಲೆಗಳನ್ನು ಉದುರಿಸುವುದು ಮುಖ್ಯವಾಗಿ ಒಣಹವೆ. ಆದ್ದರಿಂದ ಚಳಿಯನ್ನು ಲೆಕ್ಕಕ್ಕೆ ಹಿಡಿದು ಬರೆದ ವೇಳಾಪಟ್ಟಿಯನ್ನು ನೀರು ಮತ್ತು ಬಿಸಿಲಿನ ಲೆಕ್ಕಕ್ಕೆ ತಿರುಗಿಸಿಕೊಳ್ಳಬೇಕು. ನನ್ನ ಅಭಿಪ್ರಾಯದಲ್ಲಿ ನಮಗೆ ಹೆಚ್ಚು ಹತ್ತಿರದ ಮಾದರಿ ದಕ್ಷಿಣ ಚೀನಾದ ಗುವಾಂಗ್‌ಡಾಂಗ್ ಸೀಮೆಯ ಲಿಂಗ್ನಾನ್ ಪದ್ಧತಿ. ಅದು ಬೆಚ್ಚನೆಯ, ಮಳೆಯ ನಾಡಿನಲ್ಲಿ ಹುಟ್ಟಿದ ಪದ್ಧತಿ. ತಂತಿಗಿಂತ ಹೆಚ್ಚಾಗಿ ಕತ್ತರಿಯನ್ನು ನಂಬುತ್ತದೆ. ಕೊಂಬೆಯನ್ನು ಬೇಕಾದಷ್ಟು ದಪ್ಪವಾಗಲು ಬಿಟ್ಟು, ಗಿಡ್ಡವಾಗಿ ಕತ್ತರಿಸಿ, ಬೇಕಾದ ದಿಕ್ಕಿನ ಚಿಗುರನ್ನಷ್ಟೇ ಉಳಿಸಿಕೊಂಡು ಮತ್ತೆ ಬೆಳೆಸುವುದೇ ಅದರ ಕ್ರಮ.

ಈಗ ನಿಮ್ಮ ಮೊದಲ ಪ್ರಶ್ನೆ. ಫೈಕಸ್ ಮೈಕ್ರೊಕಾರ್ಪದ ಬೇರಿಗೆ ಕೈಹಾಕಲು ಬೆಂಗಳೂರು ಮೈಸೂರುಗಳಲ್ಲಿ ಎರಡು ಒಳ್ಳೆಯ ಅವಕಾಶಗಳಿವೆ. ಮೊದಲನೆಯದು ಫೆಬ್ರುವರಿಯ ಕೊನೆಯಿಂದ ಮಾರ್ಚ್ ಮಧ್ಯದವರೆಗಿನ ಕಾಲ. ರಾತ್ರಿಯ ಚಳಿ ಬಿಟ್ಟು ಕುಡಿಗಳು ಉಬ್ಬತೊಡಗಿರುತ್ತವೆ. ಎರಡನೆಯದು ಜೂನ್ ಮಧ್ಯದಿಂದ ಜುಲೈವರೆಗಿನ ಕಾಲ. ಮೋಡ ಕವಿದು ಗಾಳಿಯಲ್ಲಿ ತೇವವಿರುತ್ತದೆ. ಬೇರನ್ನು ಅರ್ಧದಷ್ಟು ಕತ್ತರಿಸುವ ದೊಡ್ಡ ಕೆಲಸವಾದರೆ ನಾನು ಎರಡನೆಯದನ್ನೇ ಆರಿಸುತ್ತೇನೆ. ಬೇರು ಕಳೆದುಕೊಂಡ ಗಿಡಕ್ಕೆ ನೀರು ಎಳೆಯುವ ಶಕ್ತಿ ಕುಗ್ಗಿರುತ್ತದೆ, ಎಲೆ ಮಾತ್ರ ನೀರನ್ನು ಬಿಡುತ್ತಲೇ ಇರುತ್ತದೆ; ತೇವದ ಗಾಳಿಯಲ್ಲಿ ಈ ಎರಡರ ನಡುವಿನ ಅಂತರ ಕಡಿಮೆಯಾಗುತ್ತದೆ. ಏಪ್ರಿಲ್ ಮತ್ತು ಮೇ ತಿಂಗಳ ಒಣಗಾಳಿಯಲ್ಲಿ ಅದೇ ಅಂತರ ಹಿಗ್ಗುತ್ತದೆ. ನವೆಂಬರಿನಿಂದ ಜನವರಿಯವರೆಗೆ ಗಿಡ ಸಾಯುವುದಿಲ್ಲವಾದರೂ ಹೊಸ ಬೇರು ಬಲು ನಿಧಾನವಾಗಿ ಬರುತ್ತದೆ, ಕತ್ತರಿಸಿದ ಗಾಯ ಬೇಗ ಮುಚ್ಚುವುದಿಲ್ಲ.

ಬಸರಿಯ ವಿಷಯದಲ್ಲಿ ಕಾಯಬೇಡಿ. ಎಲೆ ಉದುರಿಸಿ, ಕುಡಿಯ ತುದಿ ಕೆಂಪಾಗಿ ಉಬ್ಬಿ, ಇನ್ನೂ ಎಲೆ ಬಿಚ್ಚದೆ ಇರುವ ಕೆಲವು ದಿನಗಳೇ ಅದರ ವಸಂತ. ಪುಸ್ತಕ ಹೇಳುವ ‘ಮೊಗ್ಗು ಒಡೆಯುವ ಮೊದಲು’ ಎಂಬ ಮಾತು ಆ ಗಿಡಕ್ಕೆ ಅಕ್ಷರಶಃ ಅನ್ವಯಿಸುತ್ತದೆ. ಕೊಂಬೆಗಳ ವಿನ್ಯಾಸವನ್ನು ನೋಡಿ ತಂತಿ ಸುತ್ತಲೂ ಅದೇ ಹೊತ್ತು ಒಳ್ಳೆಯದು. ಆದರೆ ಬೇರು ಕತ್ತರಿಸುವುದು ಮತ್ತು ಕೊಂಬೆಗಳನ್ನು ಜೋರಾಗಿ ಬಗ್ಗಿಸುವುದು, ಎರಡನ್ನೂ ಒಂದೇ ವರ್ಷದ ಅದೇ ವಾರದಲ್ಲಿ ಮಾಡಬೇಡಿ.

ಮಣ್ಣಿನ ಬಗ್ಗೆ ಸ್ವಲ್ಪ ವಿವರವಾಗಿ ಬರೆಯುತ್ತೇನೆ; ಋತು ಬದಲಾದಾಗ ಗಿಡ ಉಳಿಯುವುದೂ ಸೊರಗುವುದೂ ಬಹುತೇಕ ಇಲ್ಲಿಯೇ ನಿರ್ಧಾರವಾಗುತ್ತದೆ. ಯಾವುದೇ ಕುಂಡದಲ್ಲಿ ನೀರು ಹೊಯ್ದು ಬಸಿದ ಮೇಲೂ ತಳದಲ್ಲಿ ಒಂದು ಪದರ ಮಣ್ಣು ನೀರಿನಿಂದ ತುಂಬಿಯೇ ಉಳಿಯುತ್ತದೆ. ಆ ಪದರದ ಎತ್ತರವನ್ನು ನಿರ್ಧರಿಸುವುದು ಮಣ್ಣಿನ ಕಣಗಳ ಗಾತ್ರವೇ ಹೊರತು ಕುಂಡದ ಆಳವಲ್ಲ. ಆಳದ ಕುಂಡದಲ್ಲಿ ಅದು ತಳದ ಒಂದು ಸಣ್ಣ ಭಾಗವಾಗಿ ಉಳಿದರೆ, ಎರಡು ಅಂಗುಲ ಆಳದ ತಟ್ಟೆಕುಂಡದಲ್ಲಿ ಹೆಚ್ಚುಕಡಿಮೆ ಎಲ್ಲ ಬೇರುಗಳೂ ಆ ಪದರದಲ್ಲಿಯೇ ಸಿಕ್ಕಿಬೀಳುತ್ತವೆ. ಆದ್ದರಿಂದ ತೋಟದ ಕೆಂಪು ಮಣ್ಣು, ಕಾಂಪೋಸ್ಟ್, ಕೋಕೋಪೀಟ್ ಬೆರೆಸಿದ ಸಾಮಾನ್ಯ ಮಿಶ್ರಣ ಬೋನ್ಸಾಯ್ ಕುಂಡಕ್ಕೆ ಹೊಂದುವುದಿಲ್ಲ. ಜಪಾನಿನ ಅಕಡಾಮ ಎಂಬ ಹರಳುಮಣ್ಣನ್ನು ತರಿಸುವ ಅಗತ್ಯ ನಮಗಿಲ್ಲ. ಚೆನ್ನಾಗಿ ಬೆಂದ ಇಟ್ಟಿಗೆ ಅಥವಾ ಮಂಗಳೂರು ಹೆಂಚನ್ನು ಕುಟ್ಟಿ, ಜರಡಿ ಹಿಡಿದು, 3ರಿಂದ 6 ಮಿಲಿಮೀಟರ್ ಗಾತ್ರದ ಚೂರುಗಳನ್ನು ಉಳಿಸಿಕೊಂಡು, ಪುಡಿಯನ್ನು ಪೂರ್ತಿ ತೊಳೆದುಬಿಡಿ. ಅದಕ್ಕೆ ಅದೇ ಗಾತ್ರದ ಪ್ಯೂಮಿಸ್ (ರಂಧ್ರಗಳಿರುವ ಹಗುರವಾದ ಜ್ವಾಲಾಮುಖಿ ಕಲ್ಲು) ಸಿಕ್ಕರೆ ಸೇರಿಸಿ. ಸಿಗದಿದ್ದರೆ ದಪ್ಪ ಮರಳೂ ಆಗುತ್ತದೆ. ಮಾಗಿದ ಕಾಂಪೋಸ್ಟ್ ಐದರಲ್ಲಿ ಒಂದು ಪಾಲಿಗಿಂತ ಹೆಚ್ಚು ಬೇಡ. ಎಂ-ಸ್ಯಾಂಡ್ ಬಳಸುವವರು ಅದರ ಹಿಟ್ಟಿನಂತಹ ಪುಡಿಯನ್ನು ತೊಳೆಯದೆ ಹಾಕಿದರೆ ಮಳೆಗಾಲದ ಹೊತ್ತಿಗೆ ಕುಂಡದ ತಳ ಗಟ್ಟಿಯಾಗಿ ನೀರು ನಿಲ್ಲುತ್ತದೆ.

ಹೊಸ ಕುಂಡದಲ್ಲಿ ಗಿಡ ಅಲ್ಲಾಡದಂತೆ ತಳದ ರಂಧ್ರಗಳ ಮೂಲಕ ತಂತಿ ತಂದು ಬೇರಿನ ಗಡ್ಡೆಯನ್ನು ಬಿಗಿಯಾಗಿ ಕಟ್ಟಿ, ಬಿದಿರು ಕಡ್ಡಿಯಿಂದ ಮಿಶ್ರಣವನ್ನು ಬೇರುಗಳ ನಡುವೆ ಇಳಿಸಿ. ಎರಡು ಮೂರು ವಾರ ನೆರಳಿನಲ್ಲಿಡಿ. ಹೊಸ ಚಿಗುರು ಕಾಣುವವರೆಗೆ ಗೊಬ್ಬರ ಬೇಡ.

ಉತ್ತರ
ಕರಾವಳಿಗ, ಉಡುಪಿ

ಬೇರುಬಿಳಲು ಅವರು ಹೇಳಿದ್ದಕ್ಕೆ ಮಳೆ ಹೆಚ್ಚಿರುವ ಊರಿನ ಕೆಲವು ಮಾತುಗಳನ್ನು ಸೇರಿಸುತ್ತೇನೆ. ನಮ್ಮ ಕಡೆ ಬೇಸಾಯದ ಕೆಲಸಗಳನ್ನು ಇವತ್ತಿಗೂ ಮಳೆ ನಕ್ಷತ್ರಗಳ ಲೆಕ್ಕದಲ್ಲಿ ಗೊತ್ತುಮಾಡುವವರಿದ್ದಾರೆ. ಬೋನ್ಸಾಯ್ ಕೆಲಸಕ್ಕೂ ಆ ಲೆಕ್ಕ ಇಂಗ್ಲಿಷ್ ತಿಂಗಳುಗಳಿಗಿಂತ ಚೆನ್ನಾಗಿ ಹೊಂದುತ್ತದೆ ಎಂಬುದು ನನ್ನ ನಂಬಿಕೆ. ಮೇ ಕೊನೆಯ ವಾರ ಶುರುವಾಗುವ ರೋಹಿಣಿಯಲ್ಲಿ ಮಣ್ಣು, ಕುಂಡ, ತಂತಿಗಳನ್ನು ಸಿದ್ಧಪಡಿಸಿಕೊಂಡು, ಮೃಗಶಿರದ ಮಳೆ ಹಿಡಿದ ಮೇಲೆ ಆಲ, ಫೈಕಸ್, ಅತ್ತಿಗಳ ಬೇರಿನ ಕೆಲಸವನ್ನು ಮಾಡಬಹುದು. ಆರಿದ್ರದಲ್ಲಿ ಕತ್ತರಿಸಿದ ಕೊಂಬೆಗಳನ್ನು ನೆಟ್ಟರೆ ಹೆಬ್ಬೆರಳಿನಷ್ಟು ದಪ್ಪದ ಫೈಕಸ್ ಕಡ್ಡಿಯೂ ಬೇರು ಬಿಡುತ್ತದೆ. ಆದ್ದರಿಂದ ಜೂನ್‌ನಲ್ಲಿ ಕತ್ತರಿಸಿದ ಕೊಂಬೆಗಳನ್ನು ಎಸೆಯಬೇಡಿ. ಪುಷ್ಯ ಮತ್ತು ಆಶ್ಲೇಷದ ಮಳೆಯಲ್ಲಿ ಗಿಡ ಕಣ್ಣೆದುರೇ ದಪ್ಪವಾಗುತ್ತದೆ.

ತಂತಿಯ ಪ್ರಶ್ನೆಗೆ ಉತ್ತರವೂ ಇದರಲ್ಲಿಯೇ ಇದೆ. ಜನವರಿಯಲ್ಲಿ ಸುತ್ತಿದ ತಂತಿ ಮೂರು ನಾಲ್ಕು ತಿಂಗಳಾದರೂ ಕೊಂಬೆಯನ್ನು ಕಚ್ಚದೆ ಇರಬಹುದು, ಅದೇ ತಂತಿ ಜುಲೈಯಲ್ಲಿ ಐದಾರು ವಾರಗಳೊಳಗೆ ತೊಗಟೆಯಲ್ಲಿ ಹೂತುಹೋಗಬಹುದು. ಆದ್ದರಿಂದ ಮಳೆಗಾಲದಲ್ಲಿ ದಿನಗಳನ್ನು ಎಣಿಸದೆ ವಾರಕ್ಕೊಮ್ಮೆ ಕೊಂಬೆಯ ಕೆಳಬದಿಯನ್ನು ನೋಡಿ. ತಂತಿಯ ಎರಡೂ ಪಕ್ಕದಲ್ಲಿ ತೊಗಟೆ ಉಬ್ಬುತ್ತಿರುವಂತೆ ಕಂಡ ದಿನವೇ ಅದನ್ನು ತುಂಡು ತುಂಡಾಗಿ ಕತ್ತರಿಸಿ ತೆಗೆಯಿರಿ, ಬಿಚ್ಚಲು ಹೋಗಬೇಡಿ. ಫೈಕಸ್‌ಗೆ ಅಲ್ಯುಮಿನಿಯಂ ತಂತಿ ಸಾಕು. ಕೊಂಬೆಯ ದಪ್ಪದ ಮೂರನೆಯ ಒಂದು ಭಾಗದಷ್ಟು ದಪ್ಪದ ತಂತಿಯನ್ನು ಸುಮಾರು 45 ಡಿಗ್ರಿ ಓರೆಯಲ್ಲಿ ಸುತ್ತಿ, ಬಗ್ಗುವ ತಿರುವಿನ ಹೊರಮೈಯಲ್ಲಿ ತಂತಿ ಕೂರುವಂತೆ ನೋಡಿಕೊಂಡರೆ ಕೊಂಬೆ ಸೀಳುವುದಿಲ್ಲ.

ಮಳೆಗೆ ಬಿಡುವ ವಿಚಾರದಲ್ಲಿ ಗಿಡಗಳನ್ನು ಎರಡು ಗುಂಪು ಮಾಡಿಕೊಳ್ಳಿ. ಆಲದ ಜಾತಿಯವು ಮಳೆಯಲ್ಲಿಯೇ ಇರಲಿ. ಬೊಗನ್‌ವಿಲ್ಲಾ, ಜೇಡ್, ಅಡೇನಿಯಂ, ಜುನಿಪರ್ ಇದ್ದರೆ ಪಾರದರ್ಶಕ ಶೀಟಿನ ಕೆಳಗೆ, ಗಾಳಿ ಆಡುವಲ್ಲಿ ಇರಲಿ. ಇವುಗಳ ಬೇರು ವಾರಗಟ್ಟಲೆ ತೇವದಲ್ಲಿ ನಿಂತರೆ ಕೊಳೆಯುತ್ತದೆ, ಅಡೇನಿಯಂ ಅಂತೂ ಎಲ್ಲಕ್ಕಿಂತ ಮೊದಲು ಹೋಗುತ್ತದೆ. ಮಳೆಯಲ್ಲಿರುವ ಕುಂಡಗಳ ಕೆಳಗೆ ತಟ್ಟೆ ಇಡಬಾರದು. ಬಿಡದೆ ಸುರಿಯುವ ದಿನಗಳಲ್ಲಿ ಕುಂಡದ ಒಂದು ಪಕ್ಕಕ್ಕೆ ಮರದ ತುಂಡು ಕೊಟ್ಟು ಓರೆಯಾಗಿಸಿದರೆ, ಬೇರುಬಿಳಲು ಅವರು ಹೇಳಿದ ಆ ತಳದ ನೀರಿನ ಪದರ ಒಂದು ಮೂಲೆಗೆ ಸರಿದು ಬಹುಪಾಲು ಬೇರುಗಳಿಗೆ ಗಾಳಿ ಸಿಗುತ್ತದೆ. ಕಾಂಡದ ಮೇಲೆ ಹಬ್ಬುವ ಪಾಚಿ ನೋಡಲು ಚಂದವೆನಿಸಿದರೂ ಮೆತ್ತನೆಯ ಬ್ರಷ್ಷಿನಿಂದ ಉಜ್ಜಿ ತೆಗೆಯಿರಿ. ಅದರ ಅಡಿಯಲ್ಲಿ ತೊಗಟೆ ಸದಾ ಒದ್ದೆಯಾಗಿದ್ದು ಕೊಳೆಯಬಹುದು. ಮಳೆ ಗೊಬ್ಬರವನ್ನೂ ತೊಳೆದುಕೊಂಡು ಹೋಗುತ್ತದೆ. ನೀರಿನಲ್ಲಿ ಕರಗಿಸಿ ಕೊಡುವ ಗೊಬ್ಬರದ ಬದಲು ಬೇವಿನ ಹಿಂಡಿ, ಕಡಲೆಕಾಯಿ ಹಿಂಡಿಗಳನ್ನು ಸಣ್ಣ ಬಲೆಯ ಚೀಲದಲ್ಲಿ ಕಟ್ಟಿ ಕುಂಡದ ಅಂಚಿನಲ್ಲಿ ಇಡಬಹುದು. ಚೀಲವಿಲ್ಲದೆ ಇಟ್ಟರೆ ಅದು ಕರಗಿ ಮಣ್ಣಿನ ಸಂದುಗಳನ್ನು ಮುಚ್ಚುತ್ತದೆ.

ನಿಮ್ಮ ಆಲದ ಮರದ ಆಸೆಗೆ ಮಳೆಗಾಲವೇ ಸಹಾಯ. ಬಿಳಲು ಇಳಿಯುವುದು ಗಾಳಿಯಲ್ಲಿ ತೇವ ತುಂಬಿರುವಾಗ. ಉಡುಪಿಯಲ್ಲಿ ಅದು ತಾನಾಗಿಯೇ ಇಳಿಯುತ್ತದೆ. ಬೆಂಗಳೂರಿನಲ್ಲಿ ಸ್ವಲ್ಪ ಉಪಾಯ ಬೇಕಾಗುತ್ತದೆ. ಕೊಂಬೆಯಿಂದ ಹೊರಟ ಎಳೆಯ ಬಿಳಲನ್ನು ಉದ್ದಕ್ಕೆ ಸೀಳಿದ ಸ್ಟ್ರಾದೊಳಗೆ ಇಳಿಸಿ, ಒಳಗೆ ಒದ್ದೆ ಪಾಚಿಯನ್ನು ಸಡಿಲವಾಗಿ ತುಂಬಿ, ಸ್ಟ್ರಾದ ಕೆಳತುದಿಯನ್ನು ಕುಂಡದ ಮಣ್ಣಿಗೆ ಊರಿ. ಬಿಳಲು ಮಣ್ಣನ್ನು ಮುಟ್ಟಿ ಬೇರೂರಿದ ಮೇಲೆ ದಪ್ಪವಾಗುವ ವೇಗ ಒಮ್ಮೆಗೇ ಹೆಚ್ಚುತ್ತದೆ.

ಮರುಪ್ರಶ್ನೆ
ತಾರಸಿತೋಟ, ಬೆಂಗಳೂರು

ಇಬ್ಬರಿಗೂ ಹೃತ್ಪೂರ್ವಕ ಧನ್ಯವಾದಗಳು. ಬೋರ್‌ವೆಲ್ ನೀರು ಹಾಕುವುದರಿಂದ ಕುಂಡದ ಅಂಚಿನಲ್ಲಿಯೂ ಕಾಂಡದ ಬುಡದಲ್ಲಿಯೂ ಬಿಳಿಯ ಪದರ ಕಟ್ಟುತ್ತಿದೆ, ಹೊಸ ಎಲೆಗಳು ಹಳದಿಯಾಗಿ ನರಗಳು ಮಾತ್ರ ಹಸಿರಾಗಿ ಉಳಿಯುತ್ತಿವೆ. ಇದಕ್ಕೂ ಅದಕ್ಕೂ ಸಂಬಂಧವಿದೆಯೇ? ಎಲೆ ತೆಗೆಯುವ ಪ್ರಶ್ನೆಗೂ ಉತ್ತರ ಬೇಕಾಗಿದೆ. ಇನ್ನು ಈ ಬೇಸಿಗೆಯಲ್ಲಿ ನಾಲ್ಕು ದಿನ ಊರಿಗೆ ಹೋಗಬೇಕಾದರೆ ಗಿಡಗಳನ್ನು ಹೇಗೆ ಬಿಟ್ಟುಹೋಗಲಿ?

ಉತ್ತರ
ಬಿಸಿಲೂರು, ಕಲಬುರಗಿ

ಬೇಸಿಗೆಯ ಮಾತು ಬಂದದ್ದರಿಂದ ನಾನು ಬರೆಯುತ್ತೇನೆ. ನಮ್ಮಲ್ಲಿ ಏಪ್ರಿಲ್ ಮತ್ತು ಮೇ ತಿಂಗಳುಗಳಲ್ಲಿ ಉಷ್ಣಾಂಶ 40 ಡಿಗ್ರಿ ದಾಟುವುದು ವಾಡಿಕೆ. ಇಲ್ಲಿ ಗಿಡವನ್ನು ಉಳಿಸಿಕೊಂಡ ಕ್ರಮಗಳು ನಿಮ್ಮಲ್ಲಿ ಸುಲಭವಾಗಿ ಸಾಕಾಗುತ್ತವೆ.

ಬಿಸಿಲು ಎಲೆಗಿಂತ ಮೊದಲು ಬೇರನ್ನು ಕೊಲ್ಲುತ್ತದೆ. ತಾರಸಿಯ ಸಿಮೆಂಟು ನೆಲದ ಮೇಲೆ ನೇರವಾಗಿ ಇಟ್ಟ ತೆಳು ಕುಂಡ ಮಧ್ಯಾಹ್ನದ ಹೊತ್ತಿಗೆ ಕೈಯಿಂದ ಮುಟ್ಟಲಾಗದಷ್ಟು ಕಾಯುತ್ತದೆ, ಅಂಚಿಗೆ ತಾಗಿದ ಎಳೆಬೇರುಗಳೆಲ್ಲ ಬೇಯುತ್ತವೆ. ಕುಂಡಗಳನ್ನು ಮರದ ಬೆಂಚಿನ ಮೇಲೆ ನೆಲದಿಂದ ಎರಡಡಿ ಎತ್ತರದಲ್ಲಿಡಿ. ಶೇಕಡ 50ರ ಶೇಡ್ ನೆಟ್ ಅನ್ನು ಗಿಡದ ನೆತ್ತಿಗಷ್ಟೇ ಕಟ್ಟದೆ ಪಶ್ಚಿಮದ ಬದಿಗೂ ಇಳಿಬಿಡಿ; ಮೂರು ಗಂಟೆಯ ಬಿಸಿಲು ಕುಂಡದ ಪಕ್ಕೆಗೆ ಬಡಿಯುವುದೇ ಹೆಚ್ಚು ಅಪಾಯ. ನೀರನ್ನು ಬೆಳಿಗ್ಗೆ ಬೇಗ ಒಮ್ಮೆ, ಬಿಸಿಲಿಳಿದ ಮೇಲೆ ಒಮ್ಮೆ, ತಳದ ರಂಧ್ರದಿಂದ ಹರಿದುಬರುವಷ್ಟು ಕೊಡಬೇಕು. ಪೈಪಿನಲ್ಲಿ ನಿಂತ ನೀರು ಕುದಿಯುವಂತಿರುತ್ತದೆ, ಅದನ್ನು ಹರಿಯಬಿಟ್ಟು ತಣ್ಣಗಾದ ಮೇಲೆ ಗಿಡಕ್ಕೆ ಹಿಡಿಯಿರಿ. ಮೇಲಿನ ಟ್ಯಾಂಕಿನ ನೀರಾದರೆ ಸಂಜೆಯ ಪಾಲನ್ನು ಮಧ್ಯಾಹ್ನವೇ ಬಕೆಟ್ಟಿನಲ್ಲಿ ನೆರಳಿಗೆ ತುಂಬಿಡಿ. ನಾಲ್ಕು ದಿನ ಊರಿಗೆ ಹೋಗುವುದಾದರೆ ಅಗಲವಾದ ಪ್ಲಾಸ್ಟಿಕ್ ತೊಟ್ಟಿಯಲ್ಲಿ ಮೂರು ನಾಲ್ಕು ಅಂಗುಲ ಮರಳು ತುಂಬಿ, ಅದನ್ನು ಚೆನ್ನಾಗಿ ತೋಯಿಸಿ, ಪೂರ್ತಿ ನೆರಳಿನಲ್ಲಿಟ್ಟು, ಕುಂಡಗಳ ತಳ ಮರಳಿನಲ್ಲಿ ಸ್ವಲ್ಪ ಹೂತುಕೊಳ್ಳುವಂತೆ ಕೂರಿಸಿ. ನಾಲ್ಕು ದಿನಕ್ಕೆ ಇದು ಸಾಕು. ಅದಕ್ಕಿಂತ ಹೆಚ್ಚಾದರೆ ನೆರೆಮನೆಯವರೇ ಗತಿ.

ಒಣಹವೆಯಲ್ಲಿ ಜೇಡನುಸಿ, ಹಿಟ್ಟುತಿಗಣೆ, ಫೈಕಸ್ ಎಲೆಯನ್ನು ಮಡಚಿ ಒಳಗೆ ಕೂರುವ ಥ್ರಿಪ್ಸ್ ಮೂರೂ ಹೆಚ್ಚುತ್ತವೆ. ಮಡಚಿದ ಎಲೆಗಳನ್ನು ಕಿತ್ತು ತಾರಸಿಯಿಂದ ಆಚೆ ಹಾಕಿ. ಸಿಂಪಡಣೆ ಮಡಿಕೆಯ ಒಳಗೆ ತಲುಪುವುದಿಲ್ಲ. ಉಳಿದವಕ್ಕೆ ಲೀಟರ್ ನೀರಿಗೆ 5 ಮಿಲಿಲೀಟರ್ ಬೇವಿನ ಎಣ್ಣೆಯನ್ನು ಸ್ವಲ್ಪ ಸೋಪಿನ ನೀರಿನಲ್ಲಿ ಬೆರೆಸಿ ಸಂಜೆಯ ಹೊತ್ತು ಎಲೆಯ ಅಡಿಗೆ ಸಿಂಪಡಿಸಿ. ಬಿಸಿಲಿನಲ್ಲಿ ಸಿಂಪಡಿಸಿದರೆ ಎಲೆ ಸುಡುತ್ತದೆ. ಕುಂಡಕ್ಕೆ ಇರುವೆಗಳ ಸಾಲು ಹತ್ತುತ್ತಿದ್ದರೆ ಎಲ್ಲೋ ಹಿಟ್ಟುತಿಗಣೆ ಇದೆಯೆಂದೇ ತಿಳಿದು ಹುಡುಕಿ.

ನಿಮ್ಮ ಹುಣಸೆಗೆ ಈ ಬಿಸಿಲು ಶತ್ರುವಲ್ಲ. ಹಳೆಯ ಎಲೆ ಉದುರಿ ಹೊಸ ಚಿಗುರು ಕಾಣುವ ಹೊತ್ತಿನಲ್ಲಿ ಅದರ ತಾಯಿಬೇರನ್ನು ಗಿಡ್ಡ ಮಾಡಿ, ಸುತ್ತಲಿನ ಬೇರುಗಳನ್ನು ಹರಡಿ ನೆಡಿ. ಇದನ್ನು ಗಿಡ ಎಳೆಯದಾಗಿರುವಾಗಲೇ ಮಾಡಿದರೆ ಬುಡ ಅಗಲವಾಗುತ್ತದೆ. ಹುಣಸೆಯ ಕೊಂಬೆ ಬಲಿತ ಮೇಲೆ ಬಗ್ಗಿಸಿದರೆ ಮುರಿಯುತ್ತದೆ, ಆದ್ದರಿಂದ ಪೆನ್ಸಿಲ್ಲಿಗಿಂತ ತೆಳ್ಳಗಿರುವಾಗ ಮಾತ್ರ ತಂತಿ, ಉಳಿದದ್ದೆಲ್ಲ ಕತ್ತರಿಯ ಕೆಲಸ. ದೇವನಹಳ್ಳಿಯ ಹತ್ತಿರದ ನಲ್ಲೂರಿನ ಹುಣಸೆ ತೋಪು ನಿಮಗೆ ದೂರವಲ್ಲ. 2007ರಲ್ಲಿ ಅದನ್ನು ದೇಶದ ಮೊದಲ ಜೀವವೈವಿಧ್ಯ ಪಾರಂಪರಿಕ ತಾಣವೆಂದು ಘೋಷಿಸಿದ್ದಾರೆ. ಟೊಳ್ಳಾದ ಕಾಂಡ, ತಿರುಚಿದ ತೊಗಟೆ, ಮುರಿದ ಕೊಂಬೆಯ ಪಕ್ಕದಿಂದಲೇ ಮೇಲೆದ್ದ ಹೊಸ ನೆತ್ತಿ, ಇವನ್ನೆಲ್ಲ ಅಲ್ಲಿ ನಿಂತು ನೋಡಿ ಚಿತ್ರ ಬರೆದುಕೊಂಡು ಬನ್ನಿ. ಹುಣಸೆಯನ್ನು ಪೈನ್ ಮರದಂತೆ ತ್ರಿಕೋನಕ್ಕೆ ಕತ್ತರಿಸುವುದನ್ನು ಕಂಡಾಗ ನನಗೆ ನಿಜಕ್ಕೂ ಬೇಸರವಾಗುತ್ತದೆ.

ಉತ್ತರ
ದೂರದ ಕನ್ನಡಿಗ, ನ್ಯೂಜೆರ್ಸಿ

ನಾನಿರುವ ಊರಿನಲ್ಲಿ ಪುಸ್ತಕದ ನಾಲ್ಕು ಋತುಗಳೂ ಹಾಗೆಯೇ ಬರುತ್ತವೆ, ಆದ್ದರಿಂದ ಒಂದು ಎಚ್ಚರಿಕೆಯ ಮಾತನ್ನಷ್ಟೇ ಸೇರಿಸುತ್ತೇನೆ. ನನ್ನ ಜಪಾನಿ ಮೇಪಲ್ ಡಿಸೆಂಬರಿನಿಂದ ಮಾರ್ಚ್‌ವರೆಗೆ ಬಿಸಿ ಇಲ್ಲದ ಗ್ಯಾರೇಜಿನಲ್ಲಿ ಮಲಗಿರುತ್ತದೆ. ಆ ಚಳಿ ಅದಕ್ಕೆ ಬೇಕೇಬೇಕು. ತಿಂಗಳುಗಟ್ಟಲೆ ಚಳಿಯಲ್ಲಿ ಮಲಗದಿದ್ದರೆ ಅದರ ಕುಡಿಗಳು ಸರಿಯಾಗಿ ಒಡೆಯುವುದಿಲ್ಲ, ಮರ ವರ್ಷದಿಂದ ವರ್ಷಕ್ಕೆ ಕ್ಷೀಣಿಸುತ್ತದೆ. ಕೊಂಬೆ ಚಳಿಯನ್ನು ತಡೆದರೂ ಕುಂಡದಲ್ಲಿರುವ ಬೇರು ಅಷ್ಟು ತಡೆಯಲಾರದ್ದರಿಂದ ಗ್ಯಾರೇಜಿನ ಆಸರೆ. ಇತ್ತ ನನ್ನ ಫೈಕಸ್ ರಾತ್ರಿಯ ಉಷ್ಣಾಂಶ 12 ಡಿಗ್ರಿಗಿಂತ ಇಳಿಯುವ ಮೊದಲೇ ಮನೆಯೊಳಗೆ ದಕ್ಷಿಣದ ಕಿಟಕಿಗೆ ಬರುತ್ತದೆ. ಜಾಗ ಬದಲಾದ ಸಿಟ್ಟಿಗೆ ಒಂದಷ್ಟು ಎಲೆ ಉದುರಿಸಿ, ಆಮೇಲೆ ಹೊಂದಿಕೊಳ್ಳುತ್ತದೆ. ಬೆಂಗಳೂರಿನಲ್ಲಿರುವ ನನ್ನ ಬಂಧುಗಳು ಅಂತರ್ಜಾಲದಲ್ಲಿ ಜಪಾನಿ ಮೇಪಲ್, ಕಪ್ಪು ಪೈನ್ ಬೀಜಗಳನ್ನು ಕೊಳ್ಳಲೇ ಎಂದು ಕೇಳುತ್ತಿರುತ್ತಾರೆ. ದಯವಿಟ್ಟು ಕೊಳ್ಳಬೇಡಿ. ನಾನಿಲ್ಲಿ ಚಳಿಯಿಂದ ಕಾಪಾಡಿ ಕಾಪಾಡಿ ಬೆಳೆಸುವ ಫೈಕಸ್ ನಿಮ್ಮಲ್ಲಿ ಕಲ್ಲಿನ ಸಂದಿನಲ್ಲಿಯೂ ಬೆಳೆಯುತ್ತದೆ. ಆ ಅನುಕೂಲ ನಮಗಿಲ್ಲ.

ಉತ್ತರ
ಬೇರುಬಿಳಲು, ಮೈಸೂರು

ಉಳಿದ ಮೂರು ಪ್ರಶ್ನೆಗಳಿಗೆ ಬರುತ್ತೇನೆ.

ನೀರು: ಹೌದು, ಸಂಬಂಧವಿದೆ. ಗಡಸು ನೀರಿನ ಸುಣ್ಣದ ಅಂಶ ಮಣ್ಣನ್ನು ಕ್ಷಾರದ ಕಡೆಗೆ ತಿರುಗಿಸುತ್ತದೆ. ಆಗ ಮಣ್ಣಿನಲ್ಲಿ ಕಬ್ಬಿಣ ಇದ್ದರೂ ಬೇರು ಅದನ್ನು ಹೀರಿಕೊಳ್ಳಲಾರದು. ನರ ಹಸಿರಾಗಿ ಉಳಿದು ನಡುವೆ ಹಳದಿಯಾಗುವ ಹೊಸ ಎಲೆ ಕಬ್ಬಿಣದ ಕೊರತೆಯ ಲಕ್ಷಣ. ಕಾವೇರಿ ನೀರು ಬರುವ ದಿನ ಅದನ್ನೇ ಹಿಡಿದಿಟ್ಟು ಬಳಸಿ, ಮಳೆಗಾಲದಲ್ಲಿ ತಾರಸಿಯ ನೀರನ್ನು ಡ್ರಮ್ಮಿಗೆ ತುಂಬಿಕೊಳ್ಳಿ. ಬೆಂಗಳೂರಿನಲ್ಲಿ ಅತಿ ಹೆಚ್ಚು ಮಳೆ ಬೀಳುವ ತಿಂಗಳು ಸೆಪ್ಟೆಂಬರ್. ಆ ತಿಂಗಳ ಮಳೆ ಕುಂಡದಲ್ಲಿ ಕೂಡಿದ ಲವಣಗಳನ್ನು ಚೆನ್ನಾಗಿ ತೊಳೆಯುತ್ತದೆ, ಅದಾದ ಮೇಲೆ ಬರುವ ಎಲೆಗಳ ಬಣ್ಣದಲ್ಲಿ ವ್ಯತ್ಯಾಸ ಕಾಣುತ್ತದೆ. ಅಲ್ಲಿಯವರೆಗೆ ಬೇರು ಹೀರಿಕೊಳ್ಳಬಲ್ಲ ಕೀಲೇಟ್ ರೂಪದ ಕಬ್ಬಿಣವನ್ನು ಪೊಟ್ಟಣದ ಮೇಲೆ ಬರೆದ ಪ್ರಮಾಣದಲ್ಲಿ ಕೊಡಬಹುದು.

ಎಲೆ ತೆಗೆಯುವುದು: ಈಗ ಎಲೆ ಹಳದಿಯಾಗಿರುವ ಗಿಡಕ್ಕೆ ಈ ವರ್ಷ ಅದು ಬೇಡವೇ ಬೇಡ. ಎಲೆ ತೆಗೆದಾಗ ಗಿಡ ಕೂಡಿಟ್ಟ ಆಹಾರವನ್ನು ಖರ್ಚುಮಾಡಿ ಹೊಸ ಎಲೆ ತರುತ್ತದೆ. ಕೂಡಿಟ್ಟದ್ದು ಇಲ್ಲದಿದ್ದರೆ ಕೊಂಬೆಗಳೇ ಒಣಗುತ್ತವೆ. ಆರೋಗ್ಯವಾಗಿರುವ ಫೈಕಸ್‌ಗಾದರೆ ಮೇ ತಿಂಗಳ ಗುಡುಗು ಮಳೆಗಳು ಬೀಳತೊಡಗಿದ ಮೇಲೆ, ತೊಟ್ಟನ್ನು ಉಳಿಸಿ ಎಲೆಯನ್ನಷ್ಟೇ ಕತ್ತರಿಸಬೇಕು. ಮೂರು ನಾಲ್ಕು ವಾರಗಳಲ್ಲಿ ಚಿಕ್ಕ ಎಲೆಗಳು ಬರುತ್ತವೆ. ಇದರ ಮುಖ್ಯ ಲಾಭ ಎಲೆ ಚಿಕ್ಕದಾಗುವುದಕ್ಕಿಂತಲೂ ಒಳಗಿನ ದುರ್ಬಲ ಕುಡಿಗಳಿಗೆ ಬೆಳಕು ಸಿಗುವುದು. ಅದಕ್ಕಾಗಿಯೇ ನಾನು ಪೂರ್ತಿ ಎಲೆ ತೆಗೆಯುವುದಕ್ಕಿಂತ ಹೊರಭಾಗದ ಬಲವಾದ ಕೊಂಬೆಗಳಲ್ಲಿ ಮಾತ್ರ ತೆಗೆದು, ಒಳಗಿನ ಮತ್ತು ಕೆಳಗಿನ ದುರ್ಬಲ ಕೊಂಬೆಗಳ ಎಲೆಗಳನ್ನು ಉಳಿಸುತ್ತೇನೆ. ಬೇರು ಕತ್ತರಿಸಿದ ವರ್ಷ ಇದನ್ನು ಮಾಡಬೇಡಿ.

ಇನ್ನು ವಿನ್ಯಾಸ. ಎಸ್ ಆಕಾರದ ಕಾಂಡವನ್ನು ಆಲದ ಮರವಾಗಿಸಬಹುದು, ಆದರೆ ಆ ತಿರುವುಗಳನ್ನು ಉಳಿಸಿಕೊಂಡು ಸಾಧ್ಯವಿಲ್ಲ. ಆಲದ ಮರದಲ್ಲಿ ಕಾಂಡ ಗಿಡ್ಡ, ಹರವು ದೊಡ್ಡದು. ಒಟ್ಟು ಅಗಲ ಎತ್ತರಕ್ಕಿಂತ ಹೆಚ್ಚಿರಬೇಕು. ಎಸ್ ಆಕಾರದ ಮೊದಲ ತಿರುವಿನ ಸ್ವಲ್ಪ ಮೇಲೆ ಒಳ್ಳೆಯ ಕೊಂಬೆಯೊಂದು ಇದ್ದರೆ, ಜೂನ್‌ನಲ್ಲಿ ಅದರ ಮೇಲಿನ ಕಾಂಡವನ್ನು ಕತ್ತರಿಸಿಬಿಡಿ. ಹಾಲು ಸುರಿಯುತ್ತದೆ, ನೀರು ಚಿಮುಕಿಸಿ ಒರೆಸಿದರೆ ನಿಲ್ಲುತ್ತದೆ. ಕತ್ತರಿಸಿದ ಮೇಲ್ಭಾಗವನ್ನು ಉಡುಪಿಯವರು ಹೇಳಿದಂತೆ ನೆಟ್ಟರೆ ಇನ್ನೊಂದು ಗಿಡವಾಗುತ್ತದೆ. ಉಳಿದ ಗಿಡ್ಡ ಕಾಂಡದಿಂದ ಬರುವ ಚಿಗುರುಗಳಲ್ಲಿ ಮೂರು ನಾಲ್ಕನ್ನು ಆರಿಸಿ, ಅವು ಹಸಿರಾಗಿರುವಾಗಲೇ ತಂತಿಯಿಂದ ಅಡ್ಡಕ್ಕೆ ತಂದು, ತುದಿಗಳನ್ನು ಮಾತ್ರ ಸ್ವಲ್ಪ ಮೇಲಕ್ಕೆತ್ತಿ ಬಿಡಿ. ತುದಿ ಕೆಳಗೆ ಬಾಗಿದ ಕೊಂಬೆ ಸೊರಗುತ್ತದೆ. ಆ ವರ್ಷವೆಲ್ಲ ಅವುಗಳನ್ನು ಚಿವುಟಬೇಡಿ. ಉದ್ದಕ್ಕೆ ಓಡಿದ ಕೊಂಬೆಯೇ ದಪ್ಪವಾಗುವುದು. ದಪ್ಪ ಸಾಕೆನಿಸಿದ ಮೇಲೆ ಎರಡು ಎಲೆ ಉಳಿಸಿ ಕತ್ತರಿಸುವ ಕೆಲಸ ಶುರುವಾಗಬೇಕು.

ಮಾದರಿಗೆ ಪುಸ್ತಕದ ಚಿತ್ರ ಹುಡುಕುವ ಬದಲು ಮೈಸೂರು ರಸ್ತೆಯಿಂದ ಒಳಗೆ ಕೇತೋಹಳ್ಳಿಯ ದೊಡ್ಡ ಆಲದ ಮರವನ್ನು ನೋಡಿ ಬನ್ನಿ. ಸುಮಾರು 3 ಎಕರೆ ಹರಡಿರುವ ಅದರ ಮೂಲ ಕಾಂಡ ಈಗಿಲ್ಲ, ಬಿಳಲುಗಳೇ ಕಾಂಡಗಳಾಗಿವೆ. ಕೊಂಬೆ ಯಾವ ದೂರದಲ್ಲಿ ಬಿಳಲಿನ ಆಸರೆ ಪಡೆಯುತ್ತದೆ, ಎರಡು ಬಿಳಲುಗಳ ನಡುವೆ ಎಷ್ಟು ಖಾಲಿ ಜಾಗವಿರುತ್ತದೆ, ದಪ್ಪ ಬಿಳಲುಗಳ ಪಕ್ಕದಲ್ಲಿ ತೆಳ್ಳನೆಯವು ಹೇಗೆ ಇಳಿದಿವೆ ಎಂಬುದನ್ನು ಗಮನಿಸಿ. ಹೊಸಬರು ಬಿಳಲುಗಳನ್ನು ಸಮ ಅಂತರದಲ್ಲಿ, ಒಂದೇ ದಪ್ಪದಲ್ಲಿ ಇಳಿಸಿಬಿಡುತ್ತಾರೆ. ಅದು ಮಂಟಪದ ಕಂಬಗಳಂತೆ ಕಾಣುತ್ತದೆ. ಮೈಸೂರಿಗೆ ಬಂದರೆ ಗಣಪತಿ ಸಚ್ಚಿದಾನಂದ ಆಶ್ರಮದ ಕಿಷ್ಕಿಂಧಾ ಮೂಲಿಕಾ ಬೋನ್ಸಾಯ್ ಉದ್ಯಾನವನ್ನೂ ನೋಡಿ, ಅಲ್ಲಿ ನಮ್ಮ ನಾಡಿನ ಮರಗಳೂ ಕುಂಡದಲ್ಲಿವೆ.

ಈ ತಿಂಗಳು ನಿಮಗಿರುವ ಕೆಲಸ ಬಸರಿಯದು ಮಾತ್ರ. ಹೊಸ ಕುಂಡ ಕೊಳ್ಳುವ ಮೊದಲು ಅದರ ಬುಡದ ದಪ್ಪವನ್ನು ಅಳೆಯಿರಿ. ಕುಂಡದ ಆಳ ಹೆಚ್ಚುಕಡಿಮೆ ಅಷ್ಟೇ ಇದ್ದರೆ ನೋಟಕ್ಕೆ ಹೊಂದುತ್ತದೆ. ಆದರೆ ನಿಮ್ಮ ಗಿಡ ಇನ್ನೂ ಎಳೆಯದಾಗಿರುವುದರಿಂದ ಈ ಎರಡು ಮೂರು ವರ್ಷ ನೋಟವನ್ನು ಬದಿಗಿಟ್ಟು, ನಾಲ್ಕೈದು ಅಂಗುಲ ಆಳದ, ಅಗಲವಾದ ಸಾದಾ ಮಣ್ಣಿನ ಕುಂಡದಲ್ಲಿ ಬೆಳೆಸಿ. ತಳದಲ್ಲಿ ಎರಡಾದರೂ ದೊಡ್ಡ ರಂಧ್ರಗಳಿರಲಿ. ಕುಂಬಾರರಿಗೆ ಮೊದಲೇ ಹೇಳಿದರೆ ಸುಡುವ ಮುಂಚೆಯೇ ಮಾಡಿಕೊಡುತ್ತಾರೆ.